ಎಲ್ಲರನ್ನೂ ಸೇರಿಸಿಕೊಳ್ಳುವ ಕಾಲೇಜು

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸಿ, ಮೇ ತಿಂಗಳ ಕಡೆಯಲ್ಲೋ ಜೂನ್ ತಿಂಗಳ ಮೊದಲಲ್ಲೋ ನಿಲುವಂಗಿ ತೊಟ್ಟು, ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಹೈಸ್ಕೂಲಿನಿಂದ ಹೊರಬರುವ ತರುಣ ತರುಣಿಯರು ವರ್ಷಕ್ಕೆ 30 ಲಕ್ಷಕ್ಕೂ ಮಿಗಿಲು. ನಮ್ಮ ಎಣಿಕೆಯಲ್ಲಿ ಇವರು ದ್ವಿತೀಯ ಪಿಯುಸಿ ಮುಗಿಸಿದವರಿಗೆ ಸಮಾನರು. ಅವರಲ್ಲಿ ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಂಥ ವಿಖ್ಯಾತ ವಿದ್ಯಾಪೀಠಗಳಲ್ಲಿ ಸ್ಥಾನ ದೊರಕಿಸಿಕೊಂಡವರ ವಾರ್ತೆ ಸಮುದ್ರಗಳನ್ನು ದಾಟಿ ನಮ್ಮ ಊರುಗಳವರೆಗೂ ಬರುತ್ತದೆ. ಆದರೆ ಮನೆಯಿಂದ ಬಸ್ಸಿನಲ್ಲಿಯೋ ಹಳೆಯ ಕಾರಿನಲ್ಲಿಯೋ ಅರ್ಧ ಗಂಟೆಯ ದೂರದಲ್ಲಿರುವ, ಪ್ರವೇಶಪರೀಕ್ಷೆಯೆಂಬುದಿಲ್ಲದ, ಬಂದವರಾರನ್ನೂ ಬೇಡವೆನ್ನದ ಎರಡು ವರ್ಷದ ಕಾಲೇಜಿಗೆ ಸದ್ದಿಲ್ಲದೆ ಹೋಗಿ ಹೆಸರು ಬರೆಸುವ ಹುಡುಗನ ವೃತ್ತಾಂತ ಅವನ ಬೀದಿಯನ್ನೂ ದಾಟುವುದಿಲ್ಲ. ಆ ದೇಶದ ಕಾರ್ಮಿಕ ಅಂಕಿಅಂಶಗಳ ಇಲಾಖೆಯು ಪ್ರತಿವರ್ಷವೂ ಅಕ್ಟೋಬರ್ ತಿಂಗಳ ಸ್ಥಿತಿಯನ್ನು ನೋಡಿ ತೆಗೆಯುವ ಲೆಕ್ಕದಂತೆ, 2023ರಲ್ಲಿ ಹೈಸ್ಕೂಲು ಮುಗಿಸಿದವರಲ್ಲಿ ನೂರಕ್ಕೆ ಸುಮಾರು 61 ಮಂದಿ ಅದೇ ಶರತ್ಕಾಲಕ್ಕೆ ಯಾವುದಾದರೊಂದು ಕಾಲೇಜನ್ನು ಸೇರಿದ್ದರು. ಹಾಗೆ ಸೇರಿದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಯದು ಈ ಎರಡು ವರ್ಷದ ಕಾಲೇಜು. ಇದನ್ನು ಅಲ್ಲಿನವರು ಕಮ್ಯುನಿಟಿ ಕಾಲೇಜು ಎಂದು ಕರೆಯುತ್ತಾರೆ. ದೇಶದಾದ್ಯಂತ ಇಂಥವು ಸುಮಾರು ಒಂದು ಸಾವಿರ ಇವೆ. ಕ್ಯಾಲಿಫೋರ್ನಿಯ ಒಂದರಲ್ಲಿಯೇ 116 ಇವೆ.

ಈ ಸಂಸ್ಥೆ ಹುಟ್ಟಿದ್ದು 1901ರಲ್ಲಿ, ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಪಟ್ಟಣದಲ್ಲಿ. ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿದ್ದ ವಿಲಿಯಂ ರೇನಿ ಹಾರ್ಪರನೂ ಜೋಲಿಯೆಟ್ಟಿನ ಹೈಸ್ಕೂಲಿನ ಮುಖ್ಯಸ್ಥನಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನನೂ ಕೂಡಿ ಆಲೋಚಿಸಿ, ವಿಶ್ವವಿದ್ಯಾನಿಲಯದ ಮೊದಲೆರಡು ವರ್ಷಗಳ ಪಾಠವನ್ನು ಹೈಸ್ಕೂಲಿನ ಕಟ್ಟಡದಲ್ಲಿಯೇ ಹೇಳಿಸಲು ಏರ್ಪಾಟು ಮಾಡಿದರು. ಮೊದಲ ವರ್ಷ ಬಂದ ವಿದ್ಯಾರ್ಥಿಗಳು ಆರೇ ಮಂದಿ. ಎರಡನೆಯ ಮಹಾಯುದ್ಧದ ತರುವಾಯ, ಯುದ್ಧದಿಂದ ಮರಳಿದ ಸೈನಿಕರ ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರವೇ ವಹಿಸಿಕೊಂಡ 1944ರ ಶಾಸನದಿಂದ ಕಾಲೇಜುಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗವು 1947ರಲ್ಲಿ ಕೊಟ್ಟ ವರದಿಯು ಊರೂರಿಗೂ ಇಂಥ ಕಾಲೇಜುಗಳು ಬೇಕೆಂದು ಪ್ರತಿಪಾದಿಸಿತು. 1960ರಲ್ಲಿ ಕ್ಯಾಲಿಫೋರ್ನಿಯದ ಉಚ್ಚಶಿಕ್ಷಣಕ್ಕೆಂದು ಒಂದು ಮಹಾಯೋಜನೆ ಸಿದ್ಧವಾಯಿತು. ಕ್ಲಾರ್ಕ್ ಕೆರ್ ಎಂಬ ಧೀಮಂತನ ಹೆಸರಿನೊಡನೆ ಅವಿಚ್ಛಿನ್ನವಾಗಿ ಸೇರಿಹೋಗಿರುವ ಆ ಯೋಜನೆಯಂತೆ, ಹೈಸ್ಕೂಲು ಮುಗಿಸಿದವರಲ್ಲಿ ಅಗ್ರಶ್ರೇಣಿಯ ಎಂಟನೆಯ ಒಂದು ಪಾಲಿಗೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ, ಮೂರನೆಯ ಒಂದು ಪಾಲಿನೊಳಗಿನವರಿಗೆ ರಾಜ್ಯ ಕಾಲೇಜುಗಳು, ಉಳಿದ ಸಮಸ್ತರಿಗೂ ಕಮ್ಯುನಿಟಿ ಕಾಲೇಜು ಎಂದು ನಿಗದಿಯಾಯಿತು. ಅಷ್ಟೇ ಅಲ್ಲ, ಹೀಗೆ ಕೆಳಗಿನ ಮೆಟ್ಟಿಲಿನಿಂದ ಹೊರಟವನೂ ಎರಡು ವರ್ಷ ಚೆನ್ನಾಗಿ ಓದಿದರೆ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾನಿಲಯವನ್ನೇ ಸೇರಬಹುದೆಂಬ ವಾಗ್ದಾನವೂ ಅದರಲ್ಲಿ ಅಡಕವಾಗಿತ್ತು. ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದವನಿಗೆ ಎರಡನೆಯ ಅವಕಾಶವನ್ನು ಶಾಸನಬದ್ಧವಾಗಿ ಕೊಟ್ಟ ಇಂಥ ವ್ಯವಸ್ಥೆ, ನನ್ನ ಮಟ್ಟಿಗೆ ಹೇಳುವುದಾದರೆ, ಇಪ್ಪತ್ತನೆಯ ಶತಮಾನದ ಉದಾತ್ತ ಕಲ್ಪನೆಗಳಲ್ಲಿ ಒಂದು.

ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಕಣಿವೆಯಲ್ಲಿಯೂ ಅದರ ಆಸುಪಾಸಿನಲ್ಲಿಯೂ, ಕ್ಯೂಪರ್ಟಿನೊ, ಸನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲಸಿರುವ ನಮ್ಮ ಕನ್ನಡದ ಕುಟುಂಬಗಳಿಗೆ ಈ ವಾಗ್ದಾನ ಅಪರಿಚಿತವಾದದ್ದಲ್ಲ. ಕ್ಯೂಪರ್ಟಿನೊದಲ್ಲಿಯೇ 1967ರಿಂದ ಡಿ ಆನ್ಜಾ ಕಾಲೇಜು ಇದೆ. ಕ್ಯಾಲಿಫೋರ್ನಿಯದ ನಿವಾಸಿಗಳಿಗೆ ಅಲ್ಲಿನ ಶುಲ್ಕ ಒಂದು ಯೂನಿಟ್ಟಿಗೆ 31 ಡಾಲರು. ನಾಲ್ಕು ವರ್ಷದ ವಿದ್ಯಾಲಯಗಳ ಶುಲ್ಕವನ್ನು ನೋಡಿದವರಿಗೆ ಇದು ನಂಬಲಾಗದಷ್ಟು ಅಲ್ಪ. ಅಲ್ಲಿಂದ ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ ಮುಂತಾಗಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆರು ಶಾಖೆಗಳಿಗೆ, ನಿಯಮಿಸಿದ ವಿಷಯಗಳನ್ನು ನಿಯಮಿಸಿದ ಅಂಕಗಳೊಡನೆ ಮುಗಿಸಿದವರಿಗೆ ಪ್ರವೇಶ ಖಚಿತವೆಂಬ ಒಪ್ಪಂದವೂ ಉಂಟು. ಹೀಗೆ ನಡುವಿನಲ್ಲಿ ಬಂದು ಸೇರಿದವರು ಮೊದಲಿನಿಂದ ಅಲ್ಲಿಯೇ ಓದಿದವರಿಗೆ ಸರಿಸಮನಾಗಿ ಪದವಿಯನ್ನು ಮುಗಿಸುತ್ತಿದ್ದಾರೆಂಬುದು ಆ ವಿಶ್ವವಿದ್ಯಾನಿಲಯದ ದೀರ್ಘಕಾಲದ ಅನುಭವ. ಇಷ್ಟಾದರೂ, ಮಗನೋ ಮಗಳೋ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾಳೆಂದು ಬೆಂಗಳೂರಿಗೋ ಶಿವಮೊಗ್ಗಕ್ಕೋ ಫೋನಿನಲ್ಲಿ ತಿಳಿಸಬೇಕಾಗಿ ಬಂದಾಗ ತಂದೆತಾಯಿಗಳ ದನಿ ಕುಗ್ಗುವುದುಂಟು. ಹಾಗೆ ಕುಗ್ಗಬೇಕಾದ ಕಾರಣ ಸ್ವಲ್ಪವೂ ಇಲ್ಲ. ಜಾಕಿ ರಾಬಿನ್ಸನ್ ಬೇಸ್‌ಬಾಲಿನ ಇತಿಹಾಸವನ್ನು ಬದಲಿಸುವುದಕ್ಕೆ ಮುಂಚೆ ಪಾಸಡೀನ ಜೂನಿಯರ್ ಕಾಲೇಜಿನಲ್ಲಿ ಓದಿದವನು. ನಟ ಟಾಮ್ ಹ್ಯಾಂಕ್ಸ್ ಹೇವರ್ಡಿನ ಶಾಬೋ ಕಾಲೇಜಿನ ಋಣವನ್ನು 2015ರಲ್ಲಿ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಸ್ಮರಿಸಿದನು.

ಆದರೆ ದನಿ ಕುಗ್ಗಿಸಬೇಕಾಗಿಲ್ಲವೆಂದ ಮಾತ್ರಕ್ಕೆ ಎಲ್ಲವೂ ನೆಟ್ಟಗಿದೆಯೆಂದು ಭಾವಿಸಕೂಡದು. ಈ ಕಾಲೇಜುಗಳಿಗೆ ಸೇರುವವರಲ್ಲಿ ನೂರಕ್ಕೆ ಸುಮಾರು 80 ಮಂದಿ ತಮ್ಮ ಗುರಿ ಬಿ.ಎ., ಬಿ.ಎಸ್‌ಸಿ.ಗಳಂಥ ಪೂರ್ಣ ಪದವಿಯೆಂದು ಮೊದಲ ದಿನ ಹೇಳುತ್ತಾರೆ. ಅವರಲ್ಲಿ ಆರು ವರ್ಷಗಳೊಳಗೆ ನಾಲ್ಕು ವರ್ಷದ ವಿದ್ಯಾಲಯವನ್ನು ತಲಪುವವರು ಮೂರನೆಯ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಪದವಿಯನ್ನು ಗಳಿಸುವವರು ನೂರಕ್ಕೆ 16ರ ಆಸುಪಾಸು. ಎರಡು ವರ್ಷದ ಪದವಿಯನ್ನೂ ಸಣ್ಣಪುಟ್ಟ ಪ್ರಮಾಣಪತ್ರಗಳನ್ನೂ ಸೇರಿಸಿಕೊಂಡು ಉದಾರವಾಗಿ ಎಣಿಸಿದರೂ ಆರು ವರ್ಷದಲ್ಲಿ ಏನನ್ನಾದರೂ ಪೂರೈಸಿದವರು ನೂರಕ್ಕೆ 43ರಷ್ಟು ಮಾತ್ರ. ಹೈಸ್ಕೂಲಿನಿಂದ ನೇರವಾಗಿ ಬಂದವರು, ಪೂರ್ಣಾವಧಿ ಓದುವವರು, ಉಳಿದವರಿಗಿಂತ ಮೇಲು ಎಂಬುದು ನಿಜ. ಆದರೂ ಅವರಲ್ಲಿಯೂ ಸರಿಸುಮಾರು ಅರ್ಧದಷ್ಟು ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಇದಕ್ಕೆ ಕಾರಣವೇನು? 1960ರಷ್ಟು ಹಿಂದೆಯೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞನು ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ದೀರ್ಘವಾಗಿ ಪರಿಶೀಲಿಸಿ, ವಿಷಾದಕರವಾದ ಒಂದು ಸಿದ್ಧಾಂತವನ್ನು ಮುಂದಿಟ್ಟನು. ಸಮಾಜವು ಎಲ್ಲರಲ್ಲಿಯೂ ಮಹದಾಕಾಂಕ್ಷೆಯನ್ನು ಹುಟ್ಟಿಸುತ್ತದೆ, ಆದರೆ ಎಲ್ಲರಿಗೂ ಸ್ಥಾನವನ್ನು ಕೊಡಲಾರದು. ಆದಕಾರಣ ಆಸೆಯನ್ನು ಮೆಲ್ಲಮೆಲ್ಲಗೆ ತಣಿಸಿ, ಇದಕ್ಕೆ ತಾನೇ ಹೊಣೆಯೆಂದು ವಿದ್ಯಾರ್ಥಿಗೆ ಅನಿಸುವಂತೆ ಮಾಡಿ, ಅವನನ್ನು ಕಡಿಮೆ ಎತ್ತರದ ದಾರಿಗೆ ತಿರುಗಿಸುವ ಗುಪ್ತವಾದ ಕಾರ್ಯವೊಂದು ಈ ಕಾಲೇಜಿಗೆ ಒದಗಿಬಂದಿದೆ ಎಂಬುದು ಅವನ ವಾದದ ಸಾರ. ಈ ವಾದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿದ್ವಾಂಸರ ಚರ್ಚೆಯನ್ನು ಆಳಿದೆ. ಅದರಲ್ಲಿ ಸತ್ಯಾಂಶ ಇಲ್ಲವೆಂದು ನಾನು ಹೇಳಲಾರೆ. ಆದರೆ ಹದಿನೆಂಟು ವರ್ಷದ ವಿದ್ಯಾರ್ಥಿಗಳು ಎಲ್ಲೆಲ್ಲಿ ಕಾಣೆಯಾಗುತ್ತಾರೆಂಬುದನ್ನು ಒಂದೊಂದಾಗಿ ನೋಡುತ್ತ ಹೋದರೆ, ಅವರು ಸೋಲುವುದು ಪಾಠದ ಕೊಠಡಿಯೊಳಗೆ ಎಂಬುದಕ್ಕಿಂತ, ಒಂದು ಕಚೇರಿಗೂ ಇನ್ನೊಂದು ಕಚೇರಿಗೂ ನಡುವೆ, ಒಂದು ಸಂಸ್ಥೆಯ ಹೊಣೆ ಮುಗಿದು ಇನ್ನೊಂದರ ಹೊಣೆ ಮೊದಲಾಗದ ತೆರಪಿನಲ್ಲಿ ಎಂದು ತೋರುತ್ತದೆ. ಇಂಥ ತೆರಪುಗಳನ್ನು ಮುಚ್ಚುವುದು ಮನುಷ್ಯಪ್ರಯತ್ನಕ್ಕೆ ಸಾಧ್ಯವಾದ ಕೆಲಸ. ಸರಿಯಾಗಿ ಮುಚ್ಚಿದ ಹಲವು ಕಡೆಗಳಲ್ಲಿ ಫಲ ಕಂಡಿದೆ.

ಮೊದಲನೆಯ ತೆರಪು ಬೇಸಗೆಯದು. ಜೂನ್ ತಿಂಗಳಲ್ಲಿ ಹೈಸ್ಕೂಲಿನ ಬಾಗಿಲು ಹಾಕುತ್ತದೆ. ಕಾಲೇಜು ಆಗಸ್ಟ್ ತಿಂಗಳ ಕಡೆಗೆ ತೆರೆಯುತ್ತದೆ. ಈ ನಡುವೆ ಹುಡುಗಿಯೊಬ್ಬಳ ಮೇಲೆ ಬೀಳುವ ಕಾಗದಪತ್ರಗಳ ಭಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೇಂದ್ರ ಸರಕಾರದ ಧನಸಹಾಯ ಬೇಕಾದರೆ ಫ್ಯಾಫ್ಸಾ ಎಂಬ ಅರ್ಜಿಯನ್ನು ತುಂಬಬೇಕು. ಅದಕ್ಕೆ ತಂದೆತಾಯಿಗಳ ಆದಾಯ ತೆರಿಗೆಯ ವಿವರ ಬೇಕು. ತಂದೆ ಬೇರೆಯಾಗಿ ಎಲ್ಲಿಯೋ ಇದ್ದರೆ, ತಾಯಿ ತೆರಿಗೆಯ ಪತ್ರವನ್ನೇ ಸಲ್ಲಿಸದಿದ್ದರೆ, ಅಲ್ಲಿಂದಲೇ ತೊಡಕು. ಅರ್ಜಿ ಹೋದ ಮೇಲೆ ಕೆಲವರಿಗೆ, ನೀವು ಕೊಟ್ಟ ವಿವರವನ್ನು ದಾಖಲೆ ಸಮೇತ ದೃಢಪಡಿಸಿರೆಂಬ ಸೂಚನೆ ಬರುತ್ತದೆ. ಆ ಸೂಚನೆ ಬರುವುದು ಕಾಲೇಜು ಹೊಸದಾಗಿ ಕೊಟ್ಟ, ಅವಳು ಇನ್ನೂ ಒಮ್ಮೆಯೂ ತೆರೆದು ನೋಡದ ಈಮೇಲ್ ವಿಳಾಸಕ್ಕೆ. ಹೈಸ್ಕೂಲಿನ ಅಂಕಪಟ್ಟಿ ಹೋಗಬೇಕು. ಲಸಿಕೆಗಳ ದಾಖಲೆ ಹೋಗಬೇಕು. ಪರಿಚಯ ಶಿಬಿರಕ್ಕೆ ಹೆಸರು ಕೊಡಬೇಕು. ಆಮೇಲೆ ವಿಷಯಗಳನ್ನು ಆರಿಸಿ ನೋಂದಾಯಿಸಬೇಕು. ಅಷ್ಟರಲ್ಲಿ ಯಾವುದೋ ಒಂದು ಕಾಗದ ತಲಪಲಿಲ್ಲವೆಂದು ನೋಂದಣಿಗೆ ತಡೆ ಬಿದ್ದಿರುತ್ತದೆ. ಇದನ್ನೆಲ್ಲ ಯಾರನ್ನು ಕೇಳಬೇಕು? ಹೈಸ್ಕೂಲಿನಲ್ಲಿ ಅವಳ ಹೆಸರು ತಿಳಿದಿದ್ದ ಸಲಹೆಗಾರ್ತಿ ರಜೆಯಲ್ಲಿದ್ದಾಳೆ. ಕಾಲೇಜಿನಲ್ಲಿ ಅವಳ ಹೆಸರು ತಿಳಿದವರು ಇನ್ನೂ ಯಾರೂ ಇಲ್ಲ. ಮನೆಯಲ್ಲಿ ಕಾಲೇಜಿನ ಮುಖವನ್ನು ಕಂಡವರೇ ಇಲ್ಲ. ಅಂಗಡಿಯಲ್ಲಿ ಬೇಸಗೆಯ ಕೆಲಸಕ್ಕೆ ಸೇರಿದ್ದಾಳೆ, ವಾರಕ್ಕೊಮ್ಮೆ ಸಂಬಳ ಬರುತ್ತಿದೆ. ಸೆಪ್ಟೆಂಬರ್ ಬಂದಾಗ ಅವಳು ಆ ಅಂಗಡಿಯಲ್ಲಿಯೇ ಇರುತ್ತಾಳೆ. ಕಾಲೇಜಿಗೆ ಹೋಗುವುದಿಲ್ಲವೆಂದು ಅವಳು ಯಾವತ್ತೂ ತೀರ್ಮಾನಿಸಿದವಳಲ್ಲ.

ಈ ವಿದ್ಯಮಾನವನ್ನು ಬೆಂಜಮಿನ್ ಕ್ಯಾಸಲ್‌ಮನ್, ಲಿಂಡ್ಸೆ ಪೇಜ್ ಎಂಬಿಬ್ಬರು ಸಂಶೋಧಕರು ಶ್ರದ್ಧೆಯಿಂದ ಅಧ್ಯಯನ ಮಾಡಿ 2014ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕಾಲೇಜಿಗೆ ಹೋಗಿಯೇ ತೀರುವೆವೆಂದು ಜೂನ್ ತಿಂಗಳಲ್ಲಿ ಹೇಳಿದವರಲ್ಲಿ, ಊರಿಗೂ ವರ್ಗಕ್ಕೂ ತಕ್ಕಂತೆ, ನೂರಕ್ಕೆ 10ರಿಂದ 40 ಮಂದಿಯವರೆಗೆ ಶರತ್ಕಾಲದಲ್ಲಿ ಎಲ್ಲಿಯೂ ಸೇರಿರುವುದಿಲ್ಲವೆಂದು ಅವರು ಕಂಡುಕೊಂಡರು. ಕಮ್ಯುನಿಟಿ ಕಾಲೇಜಿಗೆ ಹೊರಟವರಲ್ಲಿ ಈ ನಷ್ಟ ಅಧಿಕ. ಪರಿಹಾರವಾಗಿ ಅವರು ಮಾಡಿ ನೋಡಿದ್ದು ಸರಳವಾದದ್ದು. ಬೇಸಗೆಯಲ್ಲಿ ಇಂತಿಂಥ ದಿನದೊಳಗೆ ಇಂತಿಂಥ ಕೆಲಸ ಆಗಬೇಕೆಂದು ವಿದ್ಯಾರ್ಥಿಯ ಮೊಬೈಲಿಗೆ ಕೆಲವು ಸಂದೇಶಗಳು. ಉತ್ತರಿಸಿದರೆ ಆಚೆ ಬದಿಯಲ್ಲಿ ನಿಜವಾದ ಸಲಹೆಗಾರರೊಬ್ಬರು. ವಿದ್ಯಾರ್ಥಿಯೊಬ್ಬನಿಗೆ ಕೆಲವೇ ಡಾಲರುಗಳ ವೆಚ್ಚದಲ್ಲಿ, ಬೇರೆ ಆಸರೆಯಿಲ್ಲದ ಕಡೆ ಸೇರುವವರ ಸಂಖ್ಯೆ ಕಣ್ಣಿಗೆ ಕಾಣುವಂತೆ ಹೆಚ್ಚಿತು. ಇದನ್ನು ಕಂಡು ಉತ್ಸಾಹಗೊಂಡವರು, ಕ್ಯಾಸಲ್‌ಮನ್ನನೂ ಅವರಲ್ಲಿ ಒಬ್ಬನು, ದೇಶವ್ಯಾಪಿಯಾಗಿ ಲಕ್ಷಾಂತರ ವಿದ್ಯಾರ್ಥಿಗಳಿಗೆ ಅಂಥವೇ ಸಂದೇಶಗಳನ್ನು ಕಳುಹಿಸಿ ಪರೀಕ್ಷಿಸಿದರು. ಫಲ ಶೂನ್ಯ. ಆ ಶೂನ್ಯವನ್ನು ಅವರು ಮುಚ್ಚಿಡದೆ ಪ್ರಕಟಿಸಿದ್ದು ಪ್ರಶಂಸನೀಯ. ಊರಿನವರು, ಗುರುತಿದ್ದವರು ಕಳುಹಿಸಿದ ಮಾತಿಗೆ ಇದ್ದ ಶಕ್ತಿ ದೂರದ ಅಪರಿಚಿತ ಸಂಸ್ಥೆಯ ಮಾತಿಗೆ ಬರಲಿಲ್ಲವೆಂದು ಇದರಿಂದ ನಾನು ಗ್ರಹಿಸುತ್ತೇನೆ.

ಎರಡನೆಯ ತೆರಪು ಪರೀಕ್ಷೆಯೊಂದರ ರೂಪದಲ್ಲಿ ಬಹುಕಾಲ ನಿಂತಿತ್ತು. ಕಾಲೇಜಿನಲ್ಲಿ ಪ್ರವೇಶಪರೀಕ್ಷೆ ಇಲ್ಲ, ನಿಜ. ಆದರೆ ಒಳಗೆ ಬಂದ ಮೇಲೆ ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ಯಾವ ಹಂತದಲ್ಲಿ ಕೂರಿಸಬೇಕೆಂದು ನಿರ್ಧರಿಸಲು ಕಂಪ್ಯೂಟರಿನ ಮುಂದೆ ಒಂದು ಪರೀಕ್ಷೆ. ಬೀಜಗಣಿತವನ್ನು ವರ್ಷದ ಹಿಂದೆ ಓದಿ ಮರೆತಿದ್ದ ಹುಡುಗ ಏನು ಎತ್ತವೆಂದು ತಿಳಿಯದೆ, ಸಿದ್ಧತೆಯಿಲ್ಲದೆ ಕುಳಿತು ಉತ್ತರಿಸುತ್ತಾನೆ. ಕಾಲೇಜಿನ ಗಣಿತಕ್ಕೆ ಮುಂಚೆ ಒಂದು, ಎರಡು, ಕೆಲವೊಮ್ಮೆ ಮೂರು ಪೂರ್ವಸಿದ್ಧತಾ ತರಗತಿಗಳನ್ನು ಮುಗಿಸಬೇಕೆಂಬ ಫಲಿತಾಂಶ ಬರುತ್ತದೆ. ಅವುಗಳಿಗೆ ಶುಲ್ಕ ಉಂಟು, ಪದವಿಗೆ ಸಲ್ಲುವ ಕ್ರೆಡಿಟ್ ಇಲ್ಲ. ಒಂದು ಕಾಲದಲ್ಲಿ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಇಬ್ಬರು ಇಂಥ ತರಗತಿಯೊಂದನ್ನಾದರೂ ಹಾದುಹೋಗುತ್ತಿದ್ದರು. ಹಾದುಹೋದರೆಂದೆ, ಹೆಚ್ಚಿನವರು ಅದರಲ್ಲಿಯೇ ಉಳಿದುಬಿಟ್ಟರು ಎಂಬುದು ಹೆಚ್ಚು ಸರಿಯಾದ ಮಾತು. ಕೊಲಂಬಿಯ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ 1996ರಲ್ಲಿ ಸ್ಥಾಪಿತವಾದ ಕಮ್ಯುನಿಟಿ ಕಾಲೇಜು ಸಂಶೋಧನ ಕೇಂದ್ರದವರು ಸಾವಿರಾರು ವಿದ್ಯಾರ್ಥಿಗಳ ದಾಖಲೆಗಳನ್ನು ಶೋಧಿಸಿ, ಒಂದು ದಿನದ ಈ ಪರೀಕ್ಷೆಗಿಂತ ಹೈಸ್ಕೂಲಿನ ನಾಲ್ಕು ವರ್ಷದ ಅಂಕಗಳೇ ಮುಂದಿನದನ್ನು ಚೆನ್ನಾಗಿ ಸೂಚಿಸುತ್ತವೆಂದೂ, ಪೂರ್ವಸಿದ್ಧತಾ ತರಗತಿಗೆ ತಳ್ಳಲ್ಪಟ್ಟವರಲ್ಲಿ ಬಹು ಮಂದಿ ನೇರವಾಗಿ ಕಾಲೇಜಿನ ಪಾಠವನ್ನೇ ನಿಭಾಯಿಸಬಲ್ಲವರಾಗಿದ್ದರೆಂದೂ ತೋರಿಸಿಕೊಟ್ಟರು. ಸಮರ್ಥನಾಗಿದ್ದ ಹುಡುಗನಿಗೆ ನೀನು ಅಸಮರ್ಥನೆಂದು ಮೊದಲ ವಾರದಲ್ಲಿಯೇ ಹೇಳಿ, ಅವನು ಅದನ್ನು ನಂಬಿ ಮನೆಗೆ ಹೋಗುವುದು ಎಂಥ ಅನ್ಯಾಯ! ಟೆನಿಸೀ ಸಂಸ್ಥಾನ 2015ರಲ್ಲಿ ಕ್ರಮವನ್ನು ಬದಲಿಸಿ, ವಿದ್ಯಾರ್ಥಿಯನ್ನು ಕಾಲೇಜಿನ ಪಾಠದಲ್ಲಿಯೇ ಕೂರಿಸಿ ಅದರ ಜೊತೆಜೊತೆಗೆ ಬೇಕಾದ ಸಹಾಯವನ್ನು ಕೊಡತೊಡಗಿತು. ಕ್ಯಾಲಿಫೋರ್ನಿಯ 2017ರಲ್ಲಿ ಶಾಸನವನ್ನೇ ಮಾಡಿ, ಹೈಸ್ಕೂಲಿನ ಸಾಧನೆಯನ್ನು ಪರಿಗಣಿಸತಕ್ಕದ್ದೆಂದು ವಿಧಿಸಿತು. ಮೊದಲ ವರ್ಷದಲ್ಲಿಯೇ ಕಾಲೇಜಿನ ಗಣಿತವನ್ನು ಮುಗಿಸುವವರ ಸಂಖ್ಯೆ ಎರಡು ಕಡೆಯೂ ಬಹಳವಾಗಿ ಏರಿತು.

ಇನ್ನು ದಿನಚರಿಯ ಮಾತು. ಹೈಸ್ಕೂಲಿನಿಂದ ಆಗತಾನೆ ಬಂದ ಹುಡುಗರಲ್ಲಿಯೂ, ಎರಡು ವರ್ಷದ ಕಾಲೇಜು ಸೇರಿದವರಲ್ಲಿ ದುಡಿಯುವವರ ಪ್ರಮಾಣ ನಾಲ್ಕು ವರ್ಷದ ಕಾಲೇಜಿನವರಿಗಿಂತ ಬಹಳ ಹೆಚ್ಚು. ಹೆಚ್ಚಿನ ಕಡೆ ಹಾಸ್ಟೆಲ್ ಇಲ್ಲದ ಕಾಲೇಜು ಇದು. ವಿದ್ಯಾರ್ಥಿ ಮನೆಯಲ್ಲಿಯೇ ಇರುತ್ತಾನೆ, ಮನೆಯ ಕಷ್ಟಗಳೂ ಅವನೊಡನೆಯೇ ಇರುತ್ತವೆ. ಟೆಕ್ಸಸ್ಸಿನ ಉತ್ತರ ಮೂಲೆಯಲ್ಲಿರುವ ಅಮರಿಲೋ ಕಾಲೇಜಿನವರು ನಿಮ್ಮ ಓದಿಗೆ ಅಡ್ಡಿಯಾಗಿರುವುದೇನೆಂದು ವಿದ್ಯಾರ್ಥಿಗಳನ್ನೇ ಕೇಳಿದಾಗ, ಮೊದಲ ಹತ್ತು ಉತ್ತರಗಳಲ್ಲಿ ಪಾಠಕ್ಕೆ ಸಂಬಂಧಿಸಿದ್ದು ಒಂದೂ ಇರಲಿಲ್ಲ. ಊಟ, ಬಾಡಿಗೆ, ಮಗುವನ್ನು ನೋಡಿಕೊಳ್ಳುವವರು, ಕಾಲೇಜಿಗೆ ಬರುವ ವಾಹನ, ವೈದ್ಯ, ವಿದ್ಯುತ್ತಿನ ಬಿಲ್ಲು, ಕೋರ್ಟಿನ ಕೆಲಸ ಎಂದು ಪಟ್ಟಿ ಸಾಗಿತ್ತು. ಆ ಕಾಲೇಜು ಆವರಣದ ನಡುವೆಯೇ ದಿನಸಿಯ ಉಗ್ರಾಣವನ್ನೂ ತುರ್ತು ಹಣಸಹಾಯದ ಕಚೇರಿಯನ್ನೂ ತೆರೆಯಿತು. ಬಡತನವನ್ನು ಕಾಲೇಜಿನ ಕಾರ್ಯಕ್ಷೇತ್ರದ ಹೊರಗಿನ ವಿಷಯವೆಂದು ಎಣಿಸಲು ಒಪ್ಪಲಿಲ್ಲ. 2023ರಲ್ಲಿ ದೇಶದ ಅತ್ಯುತ್ತಮ ಕಮ್ಯುನಿಟಿ ಕಾಲೇಜಿಗೆ ಕೊಡುವ ಆಸ್ಪೆನ್ ಪ್ರಶಸ್ತಿಯನ್ನು ಅದು ಇನ್ನೊಂದು ಕಾಲೇಜಿನೊಡನೆ ಹಂಚಿಕೊಂಡಿತು. 2020ರ ಮಹಾಮಾರಿಯ ಶರತ್ಕಾಲದಲ್ಲಿ ಕಮ್ಯುನಿಟಿ ಕಾಲೇಜುಗಳಿಗೆ ಹೊಸದಾಗಿ ಸೇರುವವರ ಸಂಖ್ಯೆ ಒಮ್ಮೆಗೇ ನೂರಕ್ಕೆ 21ರಷ್ಟು ಕುಸಿದದ್ದನ್ನು ನೆನೆದರೆ, ಮನೆಯ ಕಷ್ಟವೇ ಓದಿಗೆ ಅಡ್ಡಿಯೆಂಬ ಮಾತಿನ ಅರ್ಥ ಸ್ಫುಟವಾಗುತ್ತದೆ. ಅದಕ್ಕೆ ಹಿಂದಿನ ಆರ್ಥಿಕ ಕುಸಿತಗಳಲ್ಲಿ, ಕೆಲಸವಿಲ್ಲದವರು ಕಾಲೇಜಿಗೆ ಬರುತ್ತಿದ್ದರು. ಈ ಸಲ ಮನೆಯ ಆಧಾರವೇ ಅಲುಗಿದ್ದರಿಂದ ಹದಿನೆಂಟರ ಹುಡುಗರು ಮೊದಲು ಕಳಚಿಕೊಂಡರು.

ಹಣವೇ ಅಡ್ಡಿಯಾದರೆ ಶುಲ್ಕವನ್ನೇ ತೆಗೆದುಹಾಕೋಣವೆಂದು ಟೆನಿಸೀ ಸಂಸ್ಥಾನ ಮಾಡಿದ ಪ್ರಯೋಗ ಹೈಸ್ಕೂಲು ಮುಗಿಸಿದವರನ್ನೇ ಗುರಿಯಾಗಿಟ್ಟುಕೊಂಡದ್ದು. ನಾಕ್ಸ್‌ವಿಲ್ ಪ್ರದೇಶದಲ್ಲಿ 2008ರಲ್ಲಿ ಖಾಸಗಿ ದಾನಿಗಳಿಂದ ಸಣ್ಣದಾಗಿ ಆರಂಭವಾದ ಈ ಯತ್ನವನ್ನು ಗವರ್ನರ್ ಬಿಲ್ ಹ್ಯಾಸ್ಲಮ್ 2014ರಲ್ಲಿ ಇಡೀ ಸಂಸ್ಥಾನಕ್ಕೆ ಅನ್ವಯಿಸುವ ಶಾಸನವನ್ನಾಗಿ ಮಾಡಿದನು. 2015ರ ಹೈಸ್ಕೂಲು ತಂಡ ಅದರ ಮೊದಲ ಫಲಾನುಭವಿ. ಹೈಸ್ಕೂಲು ಮುಗಿದ ಕೂಡಲೇ, ಅದೇ ಶರತ್ಕಾಲದಲ್ಲಿ ಸೇರಬೇಕು. ಫ್ಯಾಫ್ಸಾ ಅರ್ಜಿ ತುಂಬಿರಬೇಕು. ಪ್ರತಿಯೊಂದು ಅವಧಿಗೆ ಮುನ್ನ ಎಂಟು ಗಂಟೆಗಳ ಸಮಾಜಸೇವೆ ಮಾಡಿರಬೇಕು. ಸ್ವಯಂಸೇವಕನಾಗಿ ನಿಯುಕ್ತನಾದ ಮಾರ್ಗದರ್ಶಕನನ್ನು ಕಾಣಬೇಕು. ಇತರ ಎಲ್ಲ ಸಹಾಯಧನವನ್ನೂ ಲೆಕ್ಕಹಾಕಿ, ಉಳಿದ ಶುಲ್ಕವನ್ನು ಸಂಸ್ಥಾನ ತೆರುತ್ತದೆ. ಲಾಟರಿಯ ಹಣದಿಂದ ಮಾಡಿದ ನಿಧಿಯೊಂದು ಇದಕ್ಕೆ ಮೂಲ. ಅಧ್ಯಕ್ಷ ಒಬಾಮ 2015ರ ಜನವರಿಯಲ್ಲಿ ನಾಕ್ಸ್‌ವಿಲ್ಲಿನ ಪೆಲಿಸಿಪಿ ಕಾಲೇಜಿಗೇ ಬಂದು, ದೇಶಕ್ಕೆಲ್ಲ ಹೀಗೆಯೇ ಆಗಬೇಕೆಂದು ಕರೆಕೊಟ್ಟನು. ಮೊದಲ ವರ್ಷಗಳಲ್ಲಿ ಸೇರುವವರ ಸಂಖ್ಯೆ ಏರಿದ್ದು ನಿಜ. ಕಾಲೇಜು ನನಗೂ ಉಂಟು ಎಂಬ ಒಂದೇ ಸ್ಪಷ್ಟವಾದ ಮಾತು ಸಾವಿರಾರು ಮನೆಗಳಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ಆದರೆ ಅತಿ ಬಡವನಾದ ವಿದ್ಯಾರ್ಥಿಗೆ ಕೇಂದ್ರದ ಪೆಲ್ ಅನುದಾನವೇ ಶುಲ್ಕವನ್ನು ತುಂಬಿಬಿಡುವುದರಿಂದ, ಈ ಯೋಜನೆಯಿಂದ ಅವನ ಕೈಗೆ ಬರುವುದು ಹೆಚ್ಚೇನೂ ಇಲ್ಲ. ಪುಸ್ತಕ, ಪೆಟ್ರೋಲು, ಊಟಗಳ ಖರ್ಚು ಅವನ ಮೇಲೆಯೇ ಉಳಿಯುತ್ತದೆ. ಮಹಾಮಾರಿಯ ತರುವಾಯ ಹೈಸ್ಕೂಲಿನಿಂದ ನೇರವಾಗಿ ಕಾಲೇಜಿಗೆ ಹೋಗುವವರ ಪ್ರಮಾಣ ಅಲ್ಲಿ ಯೋಜನೆಯ ಮೊದಲಿದ್ದುದಕ್ಕಿಂತಲೂ ಕೆಳಗಿಳಿದದ್ದು, ಶುಲ್ಕದ ಮನ್ನಾ ಒಂದರಿಂದಲೇ ಎಲ್ಲವೂ ಆಗದೆಂಬುದಕ್ಕೆ ಸಾಕ್ಷಿ.

ಮತ್ತೇನು ಬೇಕು ಎಂಬುದಕ್ಕೆ ನನಗೆ ಕಂಡಂತೆ ಅತ್ಯಂತ ಸಮರ್ಪಕವಾದ ಉತ್ತರವನ್ನು ಕೊಟ್ಟದ್ದು ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯದವರು 2007ರಲ್ಲಿ ತಮ್ಮ ಕಮ್ಯುನಿಟಿ ಕಾಲೇಜುಗಳಲ್ಲಿ ಆರಂಭಿಸಿದ ಎಸ್ಯಾಪ್ ಎಂಬ ಯೋಜನೆ. ಅದರ ನಿಯಮಗಳು ದೊಡ್ಡ ತತ್ತ್ವಗಳೇನೂ ಅಲ್ಲ. ವಿದ್ಯಾರ್ಥಿ ಪೂರ್ಣಾವಧಿ ಓದಬೇಕು. ಅವನ ಸಲಹೆಗಾರನ ಬಳಿ ಇರುವ ವಿದ್ಯಾರ್ಥಿಗಳ ಸಂಖ್ಯೆ ಮಿತವಾಗಿರುತ್ತದೆ. ಇತರ ಕಡೆಗಳಲ್ಲಿ ಒಬ್ಬ ಸಲಹೆಗಾರನಿಗೆ ಹಲವು ನೂರು ಮಂದಿ ಗಂಟುಬಿದ್ದಿರುವಾಗ ಇಲ್ಲಿ ಒಬ್ಬೊಬ್ಬರ ಮುಖವೂ ನೆನಪಿರುವಷ್ಟು ಮಂದಿ. ಇಬ್ಬರೂ ನಿಯತವಾಗಿ ಭೇಟಿಯಾಗಬೇಕು. ಪಠ್ಯಪುಸ್ತಕಗಳು ಉಚಿತ. ಪಾಠದ ವೇಳೆಗಳು ದಿನವೆಲ್ಲ ಚದುರಿಹೋಗದೆ, ಉಳಿದ ಹೊತ್ತಿನಲ್ಲಿ ಕೆಲಸ ಮಾಡಲು ಅನುಕೂಲವಾಗುವಂತೆ ಒಟ್ಟಿಗೆ ಇರುತ್ತವೆ. ಎಲ್ಲಕ್ಕಿಂತ ನನ್ನ ಗಮನವನ್ನು ಸೆಳೆದದ್ದು ಮೆಟ್ರೊಕಾರ್ಡಿನ ಏರ್ಪಾಟು: ಸುರಂಗ ರೈಲಿಗೂ ಬಸ್ಸಿಗೂ ತಿಂಗಳೆಲ್ಲ ಸಲ್ಲುವ ಹಳದಿಯ ತೆಳು ಕಾರ್ಡನ್ನು ವಿದ್ಯಾರ್ಥಿ ಪ್ರತಿ ತಿಂಗಳೂ ಕಾರ್ಯಕ್ರಮದ ಕಚೇರಿಯಿಂದ ಪಡೆಯುತ್ತಿದ್ದನು, ಮತ್ತು ಸಲಹೆಗಾರನನ್ನು ಕಂಡು ನಿಯಮಗಳನ್ನು ಪಾಲಿಸಿದವನಿಗೇ ಅದು ದೊರಕುತ್ತಿತ್ತು. ಕಾರ್ಡಿಗೆಂದು ಬಂದವನನ್ನು ಆ ತಿಂಗಳ ಗಣಿತ ಹೇಗೆ ಸಾಗಿದೆ, ಅಂಗಡಿಯ ಮಾಲೀಕ ವೇಳೆ ಬದಲಿಸಿದನೇ, ತಾಯಿಯ ಆರೋಗ್ಯ ಹೇಗಿದೆ ಎಂದು ಕೇಳುವ ಒಬ್ಬ ಮನುಷ್ಯ ಅಲ್ಲಿ ಕುಳಿತಿರುತ್ತಿದ್ದನು. ಕ್ರಮಬದ್ಧವಾಗಿ ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಎಂ.ಡಿ.ಆರ್.ಸಿ. ಎಂಬ ಸಂಸ್ಥೆ ಪರೀಕ್ಷಿಸಿದಾಗ, ಪೂರ್ವಸಿದ್ಧತಾ ತರಗತಿಯ ಅಗತ್ಯವಿದ್ದ ಬಡ ವಿದ್ಯಾರ್ಥಿಗಳಲ್ಲಿಯೂ, ಮೂರು ವರ್ಷಗಳಲ್ಲಿ ಪದವಿ ಮುಗಿಸಿದವರು ಸಾಮಾನ್ಯ ಗುಂಪಿನಲ್ಲಿ ನೂರಕ್ಕೆ 22, ಎಸ್ಯಾಪ್ ಗುಂಪಿನಲ್ಲಿ 40. ಓಹಾಯೊ ಸಂಸ್ಥಾನದ ಮೂರು ಕಾಲೇಜುಗಳಲ್ಲಿ ಇದನ್ನೇ ಅನುಸರಿಸಿದಾಗಲೂ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಒಬ್ಬೊಬ್ಬ ವಿದ್ಯಾರ್ಥಿಗೆ ತಗಲುವ ವೆಚ್ಚ ಹೆಚ್ಚಾದರೂ, ಪದವಿ ಮುಗಿಸಿದ ಒಬ್ಬೊಬ್ಬನ ಲೆಕ್ಕದಲ್ಲಿ ನೋಡಿದರೆ ನ್ಯೂಯಾರ್ಕಿನಲ್ಲಿ ವೆಚ್ಚ ಕಡಿಮೆಯೇ ಆಯಿತು. ಇಷ್ಟು ನಿಸ್ಸಂದಿಗ್ಧವಾದ ಫಲ ಶಿಕ್ಷಣದ ಪ್ರಯೋಗಗಳಲ್ಲಿ ದುರ್ಲಭ. ಕ್ಲಾರ್ಕನ ಸಿದ್ಧಾಂತಕ್ಕೆ ಇದಕ್ಕಿಂತ ಬಲವಾದ ಪ್ರತ್ಯುತ್ತರವನ್ನು ನಾನು ಕಾಣೆ. ವಿದ್ಯಾರ್ಥಿಗಳು ಅವರೇ, ನಗರ ಅದೇ, ಅಧ್ಯಾಪಕರೂ ಅವರೇ.

ಅಧ್ಯಾಪಕರ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಬಹುಪಾಲು ಮಂದಿ ಅರೆಕಾಲಿಕರು. ಒಂದು ಕಾಲೇಜಿನಲ್ಲಿ ಬೆಳಗ್ಗೆ ಒಂದು ತರಗತಿ, ಇಪ್ಪತ್ತು ಮೈಲಿಯಾಚೆ ಇನ್ನೊಂದರಲ್ಲಿ ಸಂಜೆ ಒಂದು ತರಗತಿ ಎಂದು ಓಡಾಡುವ ಅವರಿಗೆ ಕೂರಲು ಕೊಠಡಿಯಿಲ್ಲ, ವಿದ್ಯಾರ್ಥಿ ಬಂದು ಕಾಣಲು ವೇಳೆಯಿಲ್ಲ. ನಮ್ಮ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಪಾಡನ್ನು ಬಲ್ಲ ಕನ್ನಡದ ಓದುಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಎರಡು ವರ್ಷ ಮುಗಿಸಿ ಹೊರಟವನಿಗೆ ಕಡೆಯದಾಗಿ ಒದಗುವ ತೆರಪು ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ನಡುವಿನದು. ನಮ್ಮಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗ ಡಿಸಿಇಟಿ ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾನೆ. ಅವನ ಹಿಂದಿನ ಓದು ಇಡಿಯಾಗಿ ಒಂದು ವರ್ಷಕ್ಕೆ ಸಮವೆಂದು ಮೊದಲೇ ಗೊತ್ತುಮಾಡಿಟ್ಟಿದೆ. ಅಮೆರಿಕದಲ್ಲಿ ಅನೇಕ ಕಡೆ ಹಾಗಿಲ್ಲ. ವಿದ್ಯಾರ್ಥಿ ಓದಿದ ಒಂದೊಂದು ವಿಷಯವನ್ನೂ ಹೊಸ ವಿದ್ಯಾಲಯದವರು ತೂಗಿ ನೋಡುತ್ತಾರೆ. ಇದು ನಮ್ಮ ಮನಶ್ಶಾಸ್ತ್ರದ ಪಾಠಕ್ಕೆ ಸಮವಲ್ಲ, ಅದು ಪದವಿಗೆ ಸಲ್ಲುತ್ತದೆ ಆದರೆ ಮುಖ್ಯವಿಷಯಕ್ಕೆ ಸಲ್ಲದು ಎನ್ನುತ್ತಾರೆ. ಒಂದು ವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವವರು ಸರಾಸರಿಯಲ್ಲಿ ತಮ್ಮ ಕ್ರೆಡಿಟ್ಟುಗಳಲ್ಲಿ ನೂರಕ್ಕೆ 43ರಷ್ಟನ್ನು ಕಳೆದುಕೊಳ್ಳುತ್ತಾರೆಂದು ಕೇಂದ್ರ ಸರಕಾರದ ಲೆಕ್ಕಪರಿಶೋಧನ ಸಂಸ್ಥೆಯೇ 2017ರಲ್ಲಿ ಅಂದಾಜು ಮಾಡಿತು. ಕಳೆದುಹೋದ ಕ್ರೆಡಿಟ್ಟೆಂದರೆ ಬಡವನ ಮಗ ರಾತ್ರಿಯ ಪಾಳಿ ಮುಗಿಸಿ ಬಂದು ಓದಿದ ಒಂದು ಋತು. ಯಾವ ವಿಷಯ ಓದಿದರೆ ಎಲ್ಲಿ ಸಲ್ಲುತ್ತದೆಂದು ಮೊದಲ ದಿನವೇ ಹೇಳುವವರಿದ್ದರೆ ಈ ನಷ್ಟದ ಬಹುಭಾಗ ತಪ್ಪುತ್ತದೆ. 2015ರಲ್ಲಿ ಥಾಮಸ್ ಬೈಲಿ ಮತ್ತು ಅವನ ಸಹೋದ್ಯೋಗಿಗಳು ಬರೆದ ಗ್ರಂಥವು, ನೂರಾರು ವಿಷಯಗಳನ್ನು ಹೋಟೆಲಿನ ತಿಂಡಿಪಟ್ಟಿಯಂತೆ ಮುಂದಿಟ್ಟು ಬೇಕಾದ್ದನ್ನು ಆರಿಸಿಕೋ ಎನ್ನುವ ಪದ್ಧತಿಯನ್ನು ಬಿಟ್ಟು, ಗುರಿಯಿಂದ ಹಿಂದಕ್ಕೆ ಎಣಿಸಿದ ಸ್ಪಷ್ಟವಾದ ಮಾರ್ಗಗಳನ್ನು ಕಾಲೇಜುಗಳೇ ಹಾಕಿಕೊಡಬೇಕೆಂದು ವಾದಿಸಿತು. ಆಮೇಲೆ ನೂರಾರು ಕಾಲೇಜುಗಳು ಆ ದಿಕ್ಕಿನಲ್ಲಿ ಹೊರಟಿವೆ. ಫ್ಲಾರಿಡದ ಒರ್ಲ್ಯಾಂಡೊದಲ್ಲಿ ವೆಲೆನ್ಸಿಯ ಕಾಲೇಜಿನ ಎರಡು ವರ್ಷದ ಪದವಿ ಪಡೆದವರಿಗೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ಖಚಿತವೆಂಬ ಒಪ್ಪಂದ 2006ರಿಂದಲೂ ನಡೆದುಬಂದಿದೆ.

ವಾಷಿಂಗ್ಟನ್ ನಗರದ ಹೊರವಲಯದಲ್ಲಿ ಉತ್ತರ ವರ್ಜೀನಿಯ ಕಮ್ಯುನಿಟಿ ಕಾಲೇಜೂ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯವೂ ಸೇರಿ 2018ರಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವು. ಅಲ್ಲಿ ಅಡ್ವಾನ್ಸ್ ಎಂಬ ಕಾರ್ಯಕ್ರಮಕ್ಕೆ ಸೇರಿದ ವಿದ್ಯಾರ್ಥಿ, ಕಮ್ಯುನಿಟಿ ಕಾಲೇಜಿನ ತರಗತಿಗಳಲ್ಲಿ ಕುಳಿತು ಅದರ ಶುಲ್ಕವನ್ನೇ ತೆರುತ್ತಿರುವಾಗಲೂ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗಬಹುದು, ಅಲ್ಲಿನ ಸಂಘಗಳಲ್ಲಿ ಭಾಗವಹಿಸಬಹುದು. ಯಾವ ವಿಷಯಗಳನ್ನು ಯಾವ ಕ್ರಮದಲ್ಲಿ ಓದಿದರೆ ಒಂದೂ ವ್ಯರ್ಥವಾಗದೆಂಬ ಪಟ್ಟಿ ಮೊದಲೇ ಅವನ ಕೈಯಲ್ಲಿರುತ್ತದೆ. ಮತ್ತು ಹೈಸ್ಕೂಲು ಬಿಟ್ಟು ಬಂದ ವರ್ಷ ಅವನಿಗೆ ಗೊತ್ತುಮಾಡಿಕೊಟ್ಟ ಸಲಹೆಗಾರರು, ಅವನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ದಾಟುವಾಗಲೂ, ಬಿ.ಎ. ಮುಗಿಸುವ ದಿನದವರೆಗೂ ಅವನೊಡನೆಯೇ ಇರುತ್ತಾರೆ.